ಜಯಮಾಲಾ ಲ್ಯಾಪ್‌ಟಾಪ್ ವಾಪಸು ಕೊಟ್ಟದ್ದು

ಆಳಂದದ ನಮ್ಮ ಓಣಿಯಲ್ಲಿ ಬೆಳಿಗ್ಗೆ ಮೊದಲು ಹೊರಬೀಳುತ್ತಿದ್ದ ಗಾಡಿ ಜಯಮಾಲಾಳದು. ಹಾಲಿನವನಿಗಿಂತ ಮುಂಚೆ ಆಕೆಯ ಸ್ಕೂಟರ್ ಕೆಮ್ಮುತ್ತಿತ್ತು, ಕೆಮ್ಮಿ ಕೆಮ್ಮಿ ಚಾಲೂ ಆಗುತ್ತಿತ್ತು. ಆಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಲ್ಯಾಪ್‌ಟಾಪಿನ ಚೀಲವನ್ನು ಕಾಲಿನ ಹತ್ತಿರ ನಿಲ್ಲಿಸಿ, ಅಫಜಲಪುರದ ಕಡೆಗೋ ಜೇವರ್ಗಿಯ ಕಡೆಗೋ ಹೊರಟುಬಿಡುತ್ತಿದ್ದಳು. ಹುಟ್ಟಿದ್ದು ಕಿಣ್ಣಿ ಸುಲ್ತಾನದಲ್ಲಿ, ಓದಿದ್ದು ಕೃಷಿ ಡಿಪ್ಲೊಮಾ, ಕೆಲಸ ಒಂದು ಬೇಳೆ ಕಂಪನಿಯಲ್ಲಿ ಫೀಲ್ಡ್ ಆಫೀಸರ್. ಕಂಪನಿಯ ಹೆಸರು ಇಲ್ಲಿ ಬೇಡ. ಹೆಸರಿನಿಂದ ಬೇಳೆಯ ರುಚಿ ಬದಲಾಗುವುದಿಲ್ಲ. ಗಂಡ ಮನೆಯ ಮುಂದಿನ ಖೋಲಿಯಲ್ಲಿ ಬಟ್ಟೆ ಹೊಲಿಯುತ್ತಾನೆ. ಅವನದು ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಜಯಮಾಲಾಳೇ ಆಡುತ್ತಾಳೆ.

ಮೂರು ತಾಲೂಕಿನ ತೊಗರಿ ಹೊಲಗಳನ್ನು ಸುತ್ತುವುದು ಆಕೆಯ ಉದ್ಯೋಗ. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಬಿಡಬೇಕು, ಕುಡಿ ಯಾವಾಗ ಚಿವುಟಬೇಕು, ಹುಳ ಬಿದ್ದರೆ ಏನು ಸಿಂಪಡಿಸಬೇಕು ಎಂದು ರೈತರಿಗೆ ಹೇಳುವುದು. ಬೆಳೆಯ ಫೋಟೊ ತೆಗೆದು ಹೈದರಾಬಾದಿನ ಮುಖ್ಯ ಕಚೇರಿಗೆ ಕಳಿಸುವುದು. ಇದರ ಜೊತೆಗೆ ಯಾರೂ ವಹಿಸಿಕೊಡದ ಇನ್ನೊಂದು ಕೆಲಸ ಆಕೆಗೆ ಅಂಟಿಕೊಂಡಿತು. ಅದು ಸಂಬಂಧ ಕೂಡಿಸುವ ಕೆಲಸ.

ಇದರಲ್ಲಿ ಆಶ್ಚರ್ಯವೇನಿಲ್ಲ. ಹೆಣ್ಣು ನೋಡಲು, ಮನೆತನ ನೋಡಲು ಬಂದವರಿಗೆ ಪಡಸಾಲೆಯನ್ನಷ್ಟೇ ತೋರಿಸುತ್ತಾರೆ. ಜಯಮಾಲಾ ಹೊಲದ ಕಡೆಯಿಂದ ಮನೆಗೆ ಬರುವವಳು. ಮಗ ಆಳಿನ ಜೊತೆ ಹೇಗೆ ಮಾತಾಡುತ್ತಾನೆ, ಅಪ್ಪ ಯಾವ ದನಿಯಲ್ಲಿ ನೀರು ಕೇಳುತ್ತಾನೆ, ಸೊಸೆ ಎಷ್ಟು ಹೊತ್ತಿಗೆ ಉಣ್ಣುತ್ತಾಳೆ, ಎಲ್ಲವೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಜನ ಇದನ್ನು ಬೇಗ ಅರ್ಥಮಾಡಿಕೊಂಡರು. ಲಿಂಗಾಯತರು ಕೇಳಿದರು, ಮುಸಲ್ಮಾನರೂ ಕೇಳಿದರು. ಅಫಜಲಪುರದ ಮದೀನಾಬಿಯ ಇಬ್ಬರು ಹೆಣ್ಣುಮಕ್ಕಳಿಗೆ ಮನೆ ನೋಡಿಕೊಟ್ಟವಳು ಈಕೆಯೇ. ಪ್ರತಿಫಲವೆಂದರೆ ಮದುವೆಯಲ್ಲಿ ಒಂದು ಸೀರೆ, ಅದೂ ಬಣ್ಣ ಮನಸ್ಸಿಗೆ ಬಂದರೆ ಮಾತ್ರ.

ಮುಖ್ಯ ಕಚೇರಿಯವರದು ಒಂದು ನಿಯಮವಿತ್ತು. ತೊಗರಿ ಎಷ್ಟು ಎತ್ತರ ಬೆಳೆದಿದೆ ಎಂದು ಫೋಟೊದಲ್ಲಿ ತಿಳಿಯಬೇಕಾದರೆ ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು. ಜಯಮಾಲಾ ಪ್ರತಿ ಹೊಲದಲ್ಲೂ ಮದುವೆಯ ವಯಸ್ಸಿಗೆ ಬಂದ ಹುಡುಗನನ್ನೇ ಆರಿಸಿ ನಿಲ್ಲಿಸಿದಳು. ಹೀಗೆ ಹೈದರಾಬಾದಿನ ಆ ಕಂಪನಿಯ ಬೆಳೆ ವರದಿಗಳಲ್ಲಿ ನಮ್ಮ ಮೂರು ತಾಲೂಕಿನ ಅರ್ಧಕ್ಕರ್ಧ ವರರು ತೊಗರಿಯ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಾರೆ. ಅಲ್ಲಿನ ಯಾವ ಅಧಿಕಾರಿಗೂ ಇದು ಹೊಳೆದಂತಿಲ್ಲ.

ಪ್ರತಿಯೊಬ್ಬರ ಬಯೋಡಾಟಾದ ಕೆಳಗೆ ಆಕೆ ಒಂದೆರಡು ಸಾಲು ಷರಾ ಬರೆಯುತ್ತಿದ್ದಳು. ಬೆಳೆಯ ಭಾಷೆ ಬಿಟ್ಟು ಬೇರೆ ಭಾಷೆ ಆಕೆಗೆ ಬರುವುದಿಲ್ಲ. ‘ಹುಡುಗ ನೋಡಾಕ ಚೆಂದ, ನೀರು ನಿಂತ್ರ ಕೊಳೀತಾನ’ ಎಂದು ಒಬ್ಬನ ಬಗ್ಗೆ. ‘ಹುಡುಗಿ ಎಂಥಾ ನೆಲಕ್ಕೂ ಹೊಂದತಾಳ, ಅತ್ತಿ ಮಾತ್ರ ಕಳೆ’ ಎಂದು ಒಬ್ಬಳ ಬಗ್ಗೆ. ಮದುವೆ ಕೂಡಿಸುವ ಉದ್ಯೋಗದ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಆದರೆ ಆ ಸಾಲುಗಳ ಬಗ್ಗೆ ಇದೆ. ಒಂದು ಪದ ಹೆಚ್ಚಿರಲಿಲ್ಲ.

ಈ ಕತೆಗೆ ಬೇಕಾದ ಷರಾಗಳು ಎರಡು. ಮೊದಲನೆಯದು ಜೇವರ್ಗಿಯ ಸಂಜುಕುಮಾರನದು. ಕೃಷಿಯಲ್ಲಿ ಬಿ.ಎಸ್ಸಿ. ಮಾಡಿದ ಹುಡುಗ, ತಂದೆ ಇಲ್ಲ, ತಾಯಿ ಗುರಮ್ಮ. ಗುರಮ್ಮ ಬಾಗಿಲಲ್ಲಿ ನಿಂತು ತರಕಾರಿಯವನನ್ನು ಕೂಗಿದರೆ ಪಕ್ಕದ ಓಣಿಯ ತರಕಾರಿಯವನೂ ಗಾಡಿ ನಿಲ್ಲಿಸುತ್ತಾನೆ. ಆ ದನಿಯ ಕೆಳಗೆ ಬೆಳೆದ ಸಂಜುವಿಗೆ ಜಯಮಾಲಾ ಬರೆದದ್ದು: ‘ತಳಿ ಚಲೋ. ಅವ್ವನ ನೆರಳಿನಾಗ ಬೆಳದಾನ. ಎತ್ತರ ಬಂದದ, ಕಾಯಿ ಹಿಡದಿಲ್ಲ. ಅಂಜದ ಹುಡುಗಿ ಬೇಕು.’

ಎರಡನೆಯದು ಜಿಡಗಾದ ಐಶ್ವರ್ಯಾಳದು. ಆಕೆ ಅಫಜಲಪುರದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ‘ಗಟ್ಟಿ ಕಾಳು. ಬೆನ್ನಿಗಿ ಬಿಳಿ ಮಚ್ಚಿ ಅದ. ಹುಡುಗಗ ತಾನೇ ಹೇಳ್ತಾಳ. ನಾವು ಬಾಯಿ ಬಿಡಬಾರದು.’

ಬಿಳಿ ಮಚ್ಚೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಆದರೂ ಈ ಕಡೆ ಆ ಮಾತು ಹೊರಬಿದ್ದರೆ ಕೂಡಿದ ಸಂಬಂಧ ಮುರಿಯುತ್ತದೆ, ತಂಗಿಯರಿಗೆ ಬರುವ ಸಂಬಂಧವೂ ನಿಲ್ಲುತ್ತದೆ. ಐಶ್ವರ್ಯಾಳ ತಾಯಿ ಮದುವೆಯಾಗುವ ತನಕ ಮುಚ್ಚಿಡೋಣ ಎಂದಿದ್ದಳು. ಹುಡುಗಿ ಒಪ್ಪಲಿಲ್ಲ. ಉಂಗುರ ಹಾಕುವ ಮೊದಲು ಹುಡುಗನಿಗೆ ಹೇಳಬೇಕು, ಹೇಳುವವಳು ನಾನೇ, ಮತ್ತೊಬ್ಬರ ಬಾಯಿಂದ ಅವನಿಗೆ ತಿಳಿಯಬಾರದು ಎಂಬುದು ಆಕೆಯ ಕರಾರು. ಹೆಣ್ಣು ನೋಡುವ ದಿನ ಎರಡೂ ಮನೆಯ ಹಿರಿಯರು ಚೂಡಾ ತಿನ್ನುತ್ತ ಸುತ್ತ ಕೂತುಬಿಟ್ಟರು, ಇಬ್ಬರಿಗೂ ಮಾತಾಡಲು ಸಂದು ಸಿಗಲಿಲ್ಲ. ಹುಡುಗ ಒಪ್ಪಿದ, ನಿಶ್ಚಯದ ದಿನ ಗೊತ್ತಾಯಿತು. ಅದಕ್ಕೆ ಮುಂಚಿನ ಭಾನುವಾರ ಅವನನ್ನು ಭೇಟಿಯಾಗಿ ಹೇಳುವುದೆಂದು ಐಶ್ವರ್ಯಾ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಜಯಮಾಲಾಳ ನಿವೃತ್ತಿ ಬಂತು. ಅವಳ ಜಾಗಕ್ಕೆ ಬಂದವನು ಇದೇ ಸಂಜುಕುಮಾರ. ನೌಕರಿ ಇಲ್ಲದ ಹುಡುಗನಿಗೆ ಹೆಣ್ಣು ಕೊಡುವವರಿಲ್ಲ ಎಂದು ಆಕೆಯೇ ಅವನ ಹೆಸರನ್ನು ಕಂಪನಿಗೆ ಸೂಚಿಸಿದ್ದಳು. ಕೆಲಸವನ್ನು ಬೇರಿನಿಂದ ಹಿಡಿದು ಮಾಡುವವಳು.

ಹೈದರಾಬಾದಿನಿಂದ ಒಂದು ಮೇಲ್ ಬಂತು. ಲ್ಯಾಪ್‌ಟಾಪನ್ನು ಜೇವರ್ಗಿ ಕಚೇರಿಯಲ್ಲಿ ಸಂಜುಕುಮಾರನಿಗೆ ಒಪ್ಪಿಸಬೇಕು, ಅದಕ್ಕೆ ಮೊದಲು ಸ್ವಂತದ್ದೆಲ್ಲ ತೆಗೆದಿರಬೇಕು, ಕಂಪನಿಯದನ್ನು ಮುಟ್ಟಬಾರದು. ಜಯಮಾಲಾ ಚೀಲ ಹೊತ್ತುಕೊಂಡು ನಮ್ಮ ಮನೆಗೆ ಬಂದಳು.

“ಬಾಯಾರ, ಇದರಾಗ ನಂದು ಯಾವುದು, ಕಂಪನೀದು ಯಾವುದು, ನೀವೇ ಹೇಳ್ರಿ. ನನಗ ತಿಳೀವಲ್ದು.”

“ನಿನ್ನದು ನಿನಗೆ ತಿಳಿಯದೆ ನನಗೆ ತಿಳಿಯುತ್ತದೆಯೆ?”

“ಇದನ್ನ ನೋಡ್ರಿ.” ತೆರೆಯ ಮೇಲೆ ಒಂದು ತೊಗರಿ ಹೊಲ, ಪಕ್ಕದಲ್ಲಿ ಹಣಮಂತರಾಯನ ಮಗ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

“ಇದು ತೊಗರಿಯ ಫೋಟೊ,” ಎಂದೆ.

“ತೊಗರಿ ಕಂಪನೀದು. ಹುಡುಗ ನನ್ನಾಂವ.”

“ಹಾಗಾದರೆ ಹುಡುಗನನ್ನು ಕತ್ತರಿಸು.”

“ಹುಡುಗನ್ನ ಕತ್ತರಿಸಿದ್ರ ತೊಗರಿ ಎತ್ತರ ಹ್ಯಾಂಗ ತಿಳೀಬೇಕ್ರಿ?”

ನ್ಯಾಯವಾದ ಪ್ರಶ್ನೆ. ತೊಗರಿಯ ಪಕ್ಕ ನಿಂತವರೆಲ್ಲ ಕಂಪನಿಗೆ ಸೇರಿದವರು, ಬಯೋಡಾಟಾ ಇದ್ದದ್ದೆಲ್ಲ ಆಕೆಗೆ ಸೇರಿದ್ದು ಎಂದು ತೀರ್ಮಾನ ಕೊಟ್ಟೆ. ಅದನ್ನು ಹೊತ್ತುಕೊಂಡು ಆಕೆ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಜಹೀರುದ್ದೀನನ ಅಂಗಡಿಗೆ ಹೋದಳು. ಅವನು ಬೇರೊಂದು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಲ್ಲಿಂದಲೇ ಹೇಳುತ್ತ ಹೋದ, ಈಕೆ ಮಾಡುತ್ತ ಹೋದಳು. ಸ್ವಂತ ಮೇಲ್‌ನಿಂದ ಹೊರಬಂದಳು, ನೆನಪಿಟ್ಟಿದ್ದ ಪಾಸ್‌ವರ್ಡುಗಳನ್ನು ಅಳಿಸಿದಳು, ಗಂಡನಿಗಾಗಿ ಕೂಡಿಹಾಕಿದ್ದ ರವಿಕೆಯ ಡಿಸೈನುಗಳನ್ನು ಕಿತ್ತಳು. ಕೊನೆಗೆ ‘ಸಂಬಂಧ’ ಎಂಬ ಫೋಲ್ಡರನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಕಸದ ಬುಟ್ಟಿಗೆ ಹಾಕಿ, ಬುಟ್ಟಿಯನ್ನೂ ಬರಿದು ಮಾಡಿದಳು. ಪೆನ್‌ಡ್ರೈವು ಸೊಂಟದ ಬೀಗದ ಕೈ ಗೊಂಚಲಿಗೆ ಹೋಯಿತು. ಸೋಮವಾರ ಜೇವರ್ಗಿಗೆ ಹೋಗಿ ಲ್ಯಾಪ್‌ಟಾಪ್ ಒಪ್ಪಿಸಿ, ಸಂಜು ತರಿಸಿಕೊಟ್ಟ ಚಹಾ ಕುಡಿದು ಬಂದಳು. ನನಗೆ ಆ ದಿನ ಹೇಳಿದ್ದು ಇಷ್ಟು: “ಬಾಯಾರ, ಹೆಗಲು ಹಗುರ ಆತು.”

ಎರಡು ದಿನ ಹಗುರವಾಗಿಯೇ ಇತ್ತು. ಬುಧವಾರ ನಮ್ಮ ಕಟ್ಟೆಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ ಜಹೀರುದ್ದೀನ ಮೋಟರ್ ಸೈಕಲ್ ನಿಲ್ಲಿಸಿದ.

“ಅಕ್ಕಾ, ಡಿ ಡ್ರೈವಿನ್ಯಾಗಿಂದೂ ತಗದೀರಿ ಹೌದಲ್ಲೊ?”

“ಡಿ ಡ್ರೈವಿನ್ಯಾಗ ಏನಿತ್ತೋ?”

“ಹೋದ ತಿಂಗಳ ಅದರ ಮ್ಯಾಲ ಚಹಾ ಚೆಲ್ಲಿಕೊಂಡು ಬಂದಿದ್ರಲ್ರಿ. ಹೋಗೇ ಬಿಡ್ತದೇನೋ ಅಂತ ಎಲ್ಲಾದರದೂ ಒಂದು ಕಾಪಿ ಅಲ್ಲಿ ಇಟ್ಟಿದ್ದೆ. ‘ಹಳೇದು’ ಅಂತ ಹೆಸರು ಕೊಟ್ಟೇನಿ. ನೀವು ಅಂಗಡ್ಯಾಗ ಕೂತಾಗ ನನಗ ನೆನಪೇ ಆಗಲಿಲ್ಲ, ಅಲ್ಲಾನ ಆಣಿ.”

“ನಿನ್ನ ನೆನಪಿಗಿ ಬೆಂಕಿ ಹತ್ಲಿ!” ಎಂದು ಜಯಮಾಲಾ ಮೊಬೈಲ್ ಹುಡುಕಿದಳು. ಜಹೀರುದ್ದೀನ ಬಂದ ವೇಗದಲ್ಲೇ ಹೋದ.

ಮುಂದಿನ ಸಂಭಾಷಣೆ ನನ್ನ ಎದುರಿಗೇ ನಡೆಯಿತು, ಮೊಬೈಲಿನ ಸ್ಪೀಕರ್ ಹಾಕಿ. ಒಂದು ಮಾತು ಮೊದಲೇ ಹೇಳಬೇಕು. ‘ಡಿಲೀಟ್’ ಎಂಬ ಪದವನ್ನು ಆಕೆ ಬೇಕೆಂದೇ ಬಳಸಲಿಲ್ಲ. ಆ ಯಂತ್ರದಲ್ಲಿ ಏನನ್ನೂ ಡಿಲೀಟ್ ಮಾಡಬಾರದೆಂದು ಹೊಸಬನಿಗೆ ಹೈದರಾಬಾದಿನಿಂದ ತಾಕೀತಾಗಿತ್ತು. ಆ ಪದ ಕೇಳಿದರೆ ಅವನು ಗಾಬರಿಯಾಗುತ್ತಾನೆ, ಯಾಕೆ, ಏನು ಎಂದು ಕೇಳುತ್ತಾನೆ. ಹಾಗಾಗಿ ಆಕೆ ಮನೆಯ ಮಾತಿನಲ್ಲಿ ಹಗುರವಾಗಿ ಹೇಳಿದಳು.

“ಸಂಜು, ಡಿ ಡ್ರೈವಿನ್ಯಾಗ ‘ಹಳೇದು’ ಅಂತ ಒಂದು ಫೋಲ್ಡರ್ ಅದ ನೋಡಪಾ. ಅದನ್ನಷ್ಟು ತಗಿ.”

“ತಗೀತೇನ್ರಿ ಅಕ್ಕೋರ. ಹಾಂ, ತಗದೇರಿ.”

“ಪೂರಾ ತಗದಿ?”

“ಪೂರಾ ತಗದೇನ್ರಿ. ಒಳಗ ಮತ್ತೊಂದು ಅದ, ‘ಸಂಬಂಧ’ ಅಂತ. ಅದನ್ನೂ ತಗೀಲ್ರ್ಯಾ?”

“ಅದನ್ನ ಮೊದಲ ತಗಿ! ಅದಕ್ಕ ಫೋನ್ ಮಾಡೇನಿ.”

“ತಗದೇರಿ. ಇದರಾಗ ಆಳಂದ, ಅಫಜಲಪೂರ, ಜೇವರ್ಗಿ ಅಂತ ಮೂರು ಅವ.”

“ಮೂರೂ ತಗಿ. ಒಂದೂ ಬಿಡಬ್ಯಾಡ.”

“ಜೇವರ್ಗೀದು ತಗದೇರಿ.”

ಜಯಮಾಲಾ ನನ್ನ ಕಡೆ ನೋಡಿ ಉಸಿರು ಬಿಟ್ಟಳು. ಒಂದು ಅವರೆಕಾಯಿಯನ್ನೂ ಕೈಗೆತ್ತಿಕೊಂಡಳು. ಅದನ್ನು ಬಿಡಿಸಿದಳು, ಇನ್ನೊಂದನ್ನೂ ಬಿಡಿಸಿದಳು. ಆಮೇಲೆ ಆ ಕಡೆಯಿಂದ ಸಣ್ಣಗೆ ಕೇಳಿಸಿತು.

“ಅಕ್ಕೋರ… ಇದರಾಗ ನಂದೂ ಅದಲ್ರಿ.”

ಬಾಗಿಲನ್ನು ತೆಗೆಯುತ್ತೇವೆ, ಕಸವನ್ನೂ ತೆಗೆಯುತ್ತೇವೆ, ಫೋಟೊವನ್ನೂ ತೆಗೆಯುತ್ತೇವೆ. ಒಂದೇ ಕ್ರಿಯಾಪದಕ್ಕೆ ಇಷ್ಟು ಚಾಕರಿ ಹಚ್ಚಿದರೆ ಅದು ಎಂದಾದರೊಂದು ದಿನ ಕೈಕೊಡುತ್ತದೆ. ಹುಡುಗ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡಿದ್ದ. ಒಂದೊಂದಾಗಿ ತೆರೆದಿದ್ದ.

“ತಗಿ ಅಂದ್ರ ತಗದು ನೋಡು ಅಂದೆನೇನೋ ನಾ? ತಗದು ಒಗಿ ಅಂದೆ!”

“ತಗಿ ಅಂದ್ರಿ, ತಗದೆ. ಒಗಿ ಅಂತ ಎಲ್ಲಿ ಅಂದ್ರಿ? ಅಕ್ಕೋರ, ‘ಕಾಯಿ ಹಿಡದಿಲ್ಲ’ ಅಂದ್ರ ಏನ್ರಿ ಅರ್ಥ?”

“ಏನೂ ಅರ್ಥ ಇಲ್ಲ. ಮುಚ್ಚು ಅದನ್ನ.”

“ಅರ್ಥ ಇಲ್ದ ಬರೀತೀರೇನ್ರಿ? ಇದನ್ನ ಎಷ್ಟು ಮಂದಿ ಹೆಣ್ಣಿನವರಿಗಿ ತೋರಿಸೀರಿ?”

“ಸಂಜು, ನನ್ನ ಮಾತು ಕೇಳು. ಲ್ಯಾಪ್‌ಟಾಪ್ ಮುಚ್ಚು. ಮಂದೀದು ಒಂದೂ ನೋಡಬ್ಯಾಡ. ನಾ ಈಗ ಹೊಂಟೆ.”

ಮೊಬೈಲ್ ಕೆಳಗಿಟ್ಟು ಆಕೆ ಎದ್ದಳು, ಕೂತಳು, ಮತ್ತೆ ಎದ್ದಳು. ಆಳಂದ ಎಂಬ ಹೆಸರಿನ ಫೋಲ್ಡರಿನಲ್ಲಿ ಜಿಡಗಾ ಇತ್ತು, ಅದರಲ್ಲಿ ಐಶ್ವರ್ಯಾ ಇದ್ದಳು. ನಿಶ್ಚಯವಾಗಲಿರುವ ಹುಡುಗಿಯ ಹೆಸರು ಕಣ್ಣ ಮುಂದಿದ್ದರೆ ಯಾವ ಹುಡುಗ ತಾನೇ ಒತ್ತದೆ ಬಿಡುತ್ತಾನೆ? ಅವನು ಓದಿ ಬೇಡವೆಂದರೆ ಹುಡುಗಿಯ ಬಾಳು ಊರ ಬಾಯಿಗೆ ಬಿತ್ತು. ಓದಿ ಸುಮ್ಮನಿದ್ದರೂ ಆಕೆಯ ಕರಾರು ಮುರಿಯಿತು.

“ಮೊದಲು ಹುಡುಗಿಗೆ ಹೇಳು,” ಎಂದೆ. “ಜೇವರ್ಗಿಗೆ ಆಮೇಲೆ ಹೋಗು.”

“ಅಂವ ನೋಡಿರದಿದ್ರ? ಸುಮ್ನ ಹೇಳಿ ಅಕೀನ್ನ ಹೆದರಿಸಿಧಂಗ ಆಗ್ತದ.”

“ನೋಡಿದ್ದರೆ?”

ಆಕೆ ಐಶ್ವರ್ಯಾಳಿಗೆ ಫೋನ್ ಮಾಡಿದಳು. ಬೈಗುಳಕ್ಕೆ ಸಿದ್ಧವಾಗಿಯೇ ಇದ್ದಳು. ಹುಡುಗಿ ಬೈಯಲಿಲ್ಲ, ಒಂದು ಪ್ರಶ್ನೆ ಕೇಳಿದಳು.

“ಚಿಗವ್ವಾ, ನಿಮಗ ಹೇಳಿದ್ದೆ. ಬರದು ಇಡ್ರಿ ಅಂತ ಯಾರು ಹೇಳಿದ್ರು?”

ಜಯಮಾಲಾ ದನಿ ತಗ್ಗಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಮರೀಬಾರದು ಅಂತ ಬರದೆ ಬೇ.”

“ನಮ್ಮ ಲ್ಯಾಬಿನ್ಯಾಗ ರಿಪೋರ್ಟ್ ಯಾರದೋ ಅವರ ಕೈಯಾಗೇ ಕೊಡ್ತೇವಿ. ಗಂಡ ಬಂದು ಹೆಂಡ್ತೀದು ಕೇಳಿದ್ರ ಅಕೀನ್ನೇ ಕರಕೊಂಡು ಬರ್ರಿ ಅಂತೇವಿ. ಇರ್ಲಿ. ನಾ ಬಸ್ಸು ಹಿಡದು ಚೌಡಾಪುರಕ್ಕ ಬರ್ತೇನಿ. ನೀವು ಅಲ್ಲಿಗಿ ಬರ್ರಿ. ಐತವಾರದ ತನಕ ತಡೀಲಿಕ್ಕೆ ಆಗೂದಿಲ್ಲ, ಇವತ್ತೇ ಹೇಳ್ತೇನಿ.”

ಇಲ್ಲಿಂದ ಮುಂದಿನದು ಜಯಮಾಲಾ ಬಂದು ಹೇಳಿದ್ದು. ಮಾತು ಹೆಚ್ಚು ಎನ್ನುವುದನ್ನು ಬಿಟ್ಟರೆ ಆಕೆ ನಂಬಬಹುದಾದ ಸಾಕ್ಷಿ.

ಆಕೆಗೆ ಮೂರೂ ತಾಲೂಕಿನ ಒಳದಾರಿಗಳೆಲ್ಲ ಗೊತ್ತು. ಕಲಬುರಗಿಗೆ ಹೋಗದೆ ಹಳ್ಳಿಗಳ ನಡುವೆ ಹಾದು ಚೌಡಾಪುರ ಮುಟ್ಟಿದಾಗ ಐಶ್ವರ್ಯಾ ರಸ್ತೆ ಬದಿಯ ಚಹಾದಂಗಡಿಯ ನೆರಳಲ್ಲಿ ನಿಂತಿದ್ದಳು, ಲ್ಯಾಬಿನ ಬಿಳಿ ಕೋಟನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು. ಹತ್ತಿ ಹಿಂದೆ ಕೂತಳು. ಭೀಮೆ ದಾಟುವ ತನಕ ಜಯಮಾಲಾ ಸ್ಕೂಟರಿನ ಕಿವಿ ಹಿಂಡುತ್ತಲೇ ಇದ್ದಳು.

“ಚಿಗವ್ವಾ, ಸಾವಕಾಶ.”

“ಸಾವಕಾಶ ಹೋದ್ರ ಅಂವ ಓದಿ ಮುಗಸ್ತಾನ.”

“ಓದಿದ್ರ ಓದ್ಲಿ. ಓದಿ, ಓದಿಲ್ಲ ಅಂದ್ರ? ಅದೇ ನನ್ನ ಚಿಂತಿ. ಅಂವ ಹೂಂ ಅಂದಿದ್ದು ನನಗೋ ನಿಮ್ಮ ಕಾಗದಕ್ಕೋ ಅಂತ ಜೀವನಪೂರ್ತಿ ತಿಳಿಯೂದಿಲ್ಲ.”

“ನನ್ನ ಕೈ ಮುರೀಲಿ.”

“ಈಗ ಬ್ಯಾಡ್ರಿ. ಜೇವರ್ಗಿ ಮುಟ್ಟಿದ ಮ್ಯಾಲ ಮುರೀಲಿ. ಈಗ ಹ್ಯಾಂಡಲ್ ಹಿಡೀರಿ.”

ಜೇವರ್ಗಿಯ ಕಚೇರಿ ಎಂದರೆ ಗೋದಾಮಿನ ಒಂದು ಮೂಲೆ. ಸುತ್ತ ತೊಗರಿ ಚೀಲಗಳ ಗೋಡೆ, ನಡುವೆ ಒಂದು ಮೇಜು. ಮೇಜಿನ ಮೇಲೆ ಮುಚ್ಚಿದ ಲ್ಯಾಪ್‌ಟಾಪ್, ಅದರ ಮೇಲೆ ಊಟದ ಡಬ್ಬಿ. ಡಬ್ಬಿಯ ಮೇಲೆ ಸಂಜುಕುಮಾರನ ಒಂದು ಕೈ. ಹುಡುಗಿಯನ್ನು ನೋಡಿ ಅವನು ಎದ್ದು ನಿಂತ. ಎತ್ತರಕ್ಕೇನೂ ಕಡಿಮೆ ಇರಲಿಲ್ಲ.

ಐಶ್ವರ್ಯಾ ಕೂಡಲಿಲ್ಲ. “ನಂದು ನೋಡೀರೇನ್ರಿ?” ಎಂದು ಕೇಳಿದಳು.

“ನಿಮ್ಮದೂ ಇದರಾಗ ಅದ ಏನ್ರಿ?”

“ಹೌದ್ರಿ. ನೋಡೀರೋ ಇಲ್ಲೊ?”

“ನಂದೇ ಇನ್ನಾ ಮುಗದಿಲ್ಲರಿ.” ಅವನು ಜಯಮಾಲಾಳ ಕಡೆ ತಿರುಗಿದ. “ಅಕ್ಕೋರ, ಅವ್ವನ ನೆರಳು ಅಂತ ಬರದೀರಿ. ನಾ ಯಾವಾಗ ಅಂಜೇನ್ರಿ ಅವ್ವಗ? ಒಂದು ಉದಾಹರಣೆ ಕೊಡ್ರಿ.”

“ಹೆಣ್ಣು ನೋಡಾಕ ಬಂದಾಗ ಚಹಾಕ್ಕ ಸಕ್ಕರಿ ಬೇಕೇನು ಅಂತ ಕೇಳಿದ್ರ ಅವ್ವನ ಮಾರಿ ನೋಡಿದಿ.”

ಹೀಗೆ ಹೇಳುತ್ತಲೇ ಜಯಮಾಲಾ ಡಬ್ಬಿ ಎತ್ತಿಟ್ಟು ಲ್ಯಾಪ್‌ಟಾಪ್ ತೆರೆದಳು. ಇತ್ತೀಚೆಗೆ ಯಾವ ಯಾವ ಕಡತ ತೆರೆದಿದೆ ಎಂದು ಅದು ತಾನೇ ತೋರಿಸುತ್ತದೆ. ಜಹೀರುದ್ದೀನ ಕಲಿಸಿದ್ದರಲ್ಲಿ ಇದೂ ಒಂದು. ಆಳಂದದ್ದು ಒಂದೂ ಇರಲಿಲ್ಲ. ಅಫಜಲಪುರದ್ದೂ ಇಲ್ಲ. ಜೇವರ್ಗಿಯದು ಒಂದೇ, ಸಂಜುಕುಮಾರ. ಮೂರು ತಾಲೂಕಿನ ಮನೆಮನೆಯ ಗುಟ್ಟು ಕೈಯಲ್ಲಿದ್ದರೂ ಆ ಹುಡುಗ ತನ್ನದೇ ಎರಡು ಸಾಲಿಗೆ ಕಚ್ಚಿಕೊಂಡು ಕೂತಿದ್ದ. ಮನುಷ್ಯನ ಸ್ವಪ್ರೀತಿಯಿಂದ ಲೋಕಕ್ಕೆ ಒಮ್ಮೊಮ್ಮೆ ಉಪಕಾರವೂ ಆಗುತ್ತದೆ.

ಆಕೆ ತೆರೆಯನ್ನು ಐಶ್ವರ್ಯಾಳ ಕಡೆ ತಿರುಗಿಸಿ ತೋರಿಸಿದಳು. ಹುಡುಗಿ ನೋಡಿದಳು, ಒಮ್ಮೆ ಕಣ್ಣು ಮುಚ್ಚಿ ತೆಗೆದಳು.

“ಚಿಗವ್ವಾ, ನೀವೊಂದೀಟು ಹೊರಗ ನಿಂದರ್ರಿ.”

ಜಯಮಾಲಾ ಹೊರಗೆ ಬಂದು ಚೀಲ ತೂಗುವ ಕಾಟಾದ ಮೇಲೆ ಕೂತಳು. ಒಳಗೆ ಏನು ಮಾತಾದವೋ ಗೊತ್ತಿಲ್ಲ. ಗೊತ್ತಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಆಕೆಗೆ ಕೇಳಿಸಿದ್ದು ಸಂಜುವಿನ ಒಂದು ನಗು ಮಾತ್ರ, ಅದೂ ಕೊನೆಗೆ. ಬಾಗಿಲಿಗೆ ಬಂದು ಹುಡುಗಿ ಕರೆದಳು.

“ಈಗ ನಂದು ತೋರಸ್ರಿ. ಏನು ಬರದೀರಿ ನಾನೂ ನೋಡ್ತೇನಿ.”

ಓದಿದಳು. “ಗಟ್ಟಿ ಕಾಳು ಅಂದ್ರ?”

“ಎಷ್ಟು ಕುದಿಸಿದ್ರೂ ಲಗೂನ ಕರಗೂದಿಲ್ಲ ಅಂತ.”

“ಬೇಳಿಗಿ ಅದು ದೋಷ ಅಲ್ಲೇನ್ರಿ?”

“ಬೇಳಿಗಿ ಹೌದು.”

ಐಶ್ವರ್ಯಾ ತಾನೇ ಗುಂಡಿ ಒತ್ತಿ ಅದನ್ನು ಅಳಿಸಿದಳು. ಆಮೇಲೆ ಕೈ ಚಾಚಿದಳು. ಜಯಮಾಲಾ ಸೊಂಟದ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿ ಕೊಟ್ಟಳು, ಅದರಲ್ಲಿದ್ದದ್ದೂ ಹೋಯಿತು. ಸಂಜು ತನ್ನದನ್ನು ಅಳಿಸುವ ಮುಂಚೆ ಒಂದು ಸಲ ತಿದ್ದಿಕೊಡಿ ಎಂದು ಹಟ ಹಿಡಿದ.

“ಅಳಿಸೂದೇ ಆದ ಮ್ಯಾಲ ತಿದ್ದೂದ್ಯಾಕ?”

“ನನ್ನ ಸಮಾಧಾನಕ್ಕರಿ.”

“ತಿದ್ದೂದು ನಿನ್ನ ಕೈಯಾಗ ಅದಪಾ, ನನ್ನ ಕೈಯಾಗಿಲ್ಲ,” ಎಂದು ಜಯಮಾಲಾ ‘ಹಳೇದು’ ಫೋಲ್ಡರನ್ನೇ ಪೂರ್ತಿ ಅಳಿಸಿ, ಬುಟ್ಟಿಯನ್ನೂ ಬರಿದು ಮಾಡಿದಳು.

ಅದಕ್ಕೆ ಅವನು, “ಹಂಗಿದ್ರ ಮಚ್ಚಿ ಮಾತು ಅವ್ವಗ ಈಗೇ ಹೋಗಿ ನಾನೇ ಹೇಳ್ತೇನಿ,” ಎಂದ. ಐಶ್ವರ್ಯಾ ಬೇಡವೆಂದಳು. “ನನ್ನ ಬೆನ್ನು, ನಾನೇ ಹೇಳ್ತೇನಿ. ನೀವು ಹೇಳಾಕ ಹೋದ್ರ ನಡುನಡುವ ನೀರು ಕುಡೀತೀರಿ.”

ಸಂಜುವಿನ ಮನೆ ಗೋದಾಮಿನಿಂದ ದೂರವಿಲ್ಲ. ಮೂವರೂ ನಡೆದು ಹೋದರು. ಗುರಮ್ಮ ಒಳಗಿನ ಕೋಣೆಯಲ್ಲಿ ಮೊರ ಹಿಡಿದು ಕೂತಿದ್ದಳು. ನಿಶ್ಚಯವಾಗಬೇಕಾದ ಹುಡುಗಿ ಕರೆಯದೆ ಮನೆಗೆ ಬಂದದ್ದು ಕಂಡು ಬೀದಿಗೆಲ್ಲ ಕೇಳಿಸುವಂತೆ “ಯಾಕ ಬಂದಿ ಬೇ?” ಎಂದಳು. ಹೊಸಬರಿಗೆ ಅದು ಜಗಳದ ಆರಂಭದಂತೆ ಕೇಳಿಸುತ್ತದೆ. ಸಂಜು ಹೊಸ್ತಿಲಲ್ಲೇ ನಿಂತ.

ಐಶ್ವರ್ಯಾ ಆಕೆಯ ಎಡಗಡೆ ಕೂತು, ತಗ್ಗಿದ ದನಿಯಲ್ಲಿ ಹೇಳಿದಳು.

“ಏನು?” ಎಂದಳು ಗುರಮ್ಮ.

ಮತ್ತೆ ಹೇಳಿದಳು.

“ಏನಂತಿ? ಬಾಯಾಗೇನು ಎಲಿ ಹಾಕ್ಕೊಂಡೀ?”

ಇಂಥ ವಿಷಯವನ್ನು ಇನ್ನೂ ಜೋರಾಗಿ ಹೇಳಿದರೆ ಓಣಿಗೇ ಹೇಳಿದಂತೆ. ಐಶ್ವರ್ಯಾ ಒಂದು ಕ್ಷಣ ಗುರಮ್ಮನ ಮುಖವನ್ನೇ ನೋಡಿದಳು. ದಿನವೂ ಬಗೆಬಗೆಯ ರೋಗಿಗಳನ್ನು ನೋಡುವವಳು. ಎದ್ದು, ಸುತ್ತು ಹಾಕಿ, ಬಲಗಡೆ ಕೂತು, ಬಲಗಿವಿಯ ಹತ್ತಿರ ಬಾಗಿ ಮೊದಲಿನಷ್ಟೇ ಮೆಲ್ಲಗೆ ಹೇಳಿದಳು. ಈ ಸಲ ಗುರಮ್ಮನಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಮೊರ ಕೆಳಗಿಟ್ಟಳು.

ಆದರೆ ಆಕೆ ಹಿಡಿದದ್ದು ಬೇರೆಯೇ ಎಳೆ. ಹುಡುಗಿಯ ಮಣಿಕಟ್ಟು ಹಿಡಿದು ಕೇಳಿದಳು: “ಎಡಗಿವಿ ಕೇಳಸೂದಿಲ್ಲ ಅಂತ ನಿನಗ ಯಾರು ಹೇಳಿದ್ರು?”

“ಯಾರೂ ಹೇಳಿಲ್ರಿ. ನೋಡಿ ತಿಳಕೊಂಡೆ.”

“ಎಷ್ಟೋ ವರ್ಷ ಆತು. ಯಾರಿಗೂ ಹೇಳಿಲ್ಲ. ಇಂವಗೂ ಗೊತ್ತಿಲ್ಲ. ಇಂವಗ ಹೇಳಬ್ಯಾಡ.”

ಗುರಮ್ಮನ ಲೆಕ್ಕದಲ್ಲಿ ಇದು ಪಿಸುಮಾತು. ಹೊಸ್ತಿಲಲ್ಲಿದ್ದ ಸಂಜುವಿಗೂ, ಅಂಗಳದಲ್ಲಿದ್ದ ಜಯಮಾಲಾಳಿಗೂ, ಪಕ್ಕದ ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳಿಗೂ ಸ್ಪಷ್ಟವಾಗಿ ಕೇಳಿಸಿತು. ಬುದ್ಧಿ ಬಂದಾಗಿನಿಂದ ಅವ್ವನ ದನಿಯನ್ನು ಸಿಟ್ಟು ಎಂದೇ ತಿಳಿದು ಬೆಳೆದ ಸಂಜು ಹೊಸ್ತಿಲ ಮೇಲೇ ಕೂತುಬಿಟ್ಟ. ಜಯಮಾಲಾ ತನಗೆ ತಾನೇ ಬೈದುಕೊಂಡಳಂತೆ. ಆ ಮನೆಗೆ ಎಷ್ಟೋ ಸಲ ಹೋಗಿದ್ದಳು, ‘ಅವ್ವನ ನೆರಳು’ ಎಂದು ಷರಾ ಬರೆದಿದ್ದಳು, ಕಿವಿ ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಗುರಮ್ಮ ಆ ದಿನ ಹೂಂ ಎನ್ನಲಿಲ್ಲ. ಹಾಗೆಲ್ಲ ಒಂದು ಮಧ್ಯಾಹ್ನದಲ್ಲಿ ಹೂಂ ಎನ್ನುವ ಹೆಂಗಸಲ್ಲ. ಮಚ್ಚೆ ಹಬ್ಬುತ್ತದೆಯೇ ಎಂದು ಕೇಳಿದಳು, ಮಕ್ಕಳಿಗೆ ಬರುತ್ತದೆಯೇ ಎಂದು ಕೇಳಿದಳು. ಮುಟ್ಟಿದರೆ ಹಬ್ಬುವುದಿಲ್ಲ, ಮಕ್ಕಳಿಗೆ ಬಂದರೂ ಬರಬಹುದು, ಬಹಳ ಮಟ್ಟಿಗೆ ಬರುವುದಿಲ್ಲ ಎಂದು ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಂಜು ನಡುವೆ ಬಾಯಿ ಹಾಕಿ, “ಅವ್ವಾ, ನಾ ಹೂಂ ಅಂದೇನಿ,” ಎಂದ. ಬಲಗಡೆ ಬಂದು ಹೇಳಿದ್ದರಿಂದ ಅದೂ ಕೇಳಿಸಿತು. ನಿಶ್ಚಯ ಒಂದು ತಿಂಗಳು ಮುಂದೆ ಹೋಯಿತು. ಆ ತಿಂಗಳಲ್ಲಿ ಗುರಮ್ಮ ಎರಡು ಸಲ ಅಫಜಲಪುರಕ್ಕೆ ಹೋದಳು. ಹುಡುಗಿಯನ್ನು ಪರೀಕ್ಷಿಸಲು ಎಂದು ಊರು ತಿಳಿದಿತ್ತು. ಹುಡುಗಿಯೇ ಆಕೆಯನ್ನು ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಮದುವೆ ಮಾಘದಲ್ಲಿ ಆಯಿತು. ಜಯಮಾಲಾಳಿಗೆ ಸೀರೆ ಕೊಟ್ಟರು, ಬಣ್ಣ ಸೇರಲಿಲ್ಲ, ಆದರೂ ತೆಗೆದುಕೊಂಡಳು.

ಈಗ ಆಕೆಯ ಹತ್ತಿರ ಪೆನ್‌ಡ್ರೈವೂ ಇಲ್ಲ, ಷರಾಗಳೂ ಇಲ್ಲ. ಜನ ಬರುವುದು ನಿಂತಿಲ್ಲ. ಅವರು ದನಿ ತಗ್ಗಿಸಿ ಒಂದು ಮಾತು ಹೇಳಲು ಬಾಯಿ ತೆರೆದರೆ ಆಕೆ ಕೈ ಅಡ್ಡ ಹಿಡಿಯುತ್ತಾಳೆ: “ನನಗ ಬ್ಯಾಡ್ರಿ. ಯಾರಿಗಿ ಹೇಳಬೇಕೋ ಅವರಿಗಿ ನೀವೇ ಹೇಳ್ರಿ. ನಾ ಕರಕೊಂಡು ಹೋಗಿ ಕೂಡಿಸ್ತೇನಿ, ಹೊರಗ ನಿಂದರ್ತೇನಿ.” ಹೊರಗೆ ನಿಲ್ಲುವ ಕೆಲಸಕ್ಕೆ ಆಕೆ ಪೂರ್ತಿ ತಯಾರಾಗಿಲ್ಲ, ಬಾಗಿಲಿಗೆ ತೀರ ಹತ್ತಿರ ನಿಲ್ಲುತ್ತಾಳೆ ಎಂದು ದೂರು ಇದೆ.

ಅಚ್ಚಿಗೆ ಕೊಡುವ ಮುಂಚೆ ಈ ಬರಹವನ್ನು ಮೂವರಿಗೂ ಓದಲು ಕೊಟ್ಟೆ. ಸಂಜುಕುಮಾರ ‘ಕಾಯಿ ಹಿಡದಿಲ್ಲ’ ಎಂಬುದನ್ನು ಬಿಡಬಹುದಾಗಿತ್ತು ಎಂದ, ಬಿಟ್ಟಿಲ್ಲ. ಗುರಮ್ಮ ಓದಿಸಿ ಕೇಳಿ, ಬರಲಿ ಬಿಡ್ರಿ ಎಂದಳು. ಈಗ ಕಿವಿಗೆ ಯಂತ್ರ ಬಂದಿದೆ, ಅದು ಎಲ್ಲರಿಗೂ ಕಾಣುತ್ತದೆ. ಐಶ್ವರ್ಯಾ ಎರಡು ಸಲ ಓದಿ, ಪೆನ್ನು ಕೇಳಿ ಪಡೆದು, ಒಂದು ಕಡೆ ನಾಲ್ಕು ಸಾಲು ಹೊಡೆದು ಹಾಕಿದಳು. ಆ ನಾಲ್ಕು ಸಾಲು ಇಲ್ಲಿ ಇಲ್ಲ.